ಆ ಬಾಕ್ಸು ಎರಡು ಸಾಲು ಕನ್ನಡ ಹೇಳಬಾರದಾ?

ರಜೆಗೆ ಪಾಂಡವಪುರದ ಮಾವನ ಮನೆಗೆ ಹೋಗಿದ್ದೆ. ಮಾವ ಅಲ್ಲೇ ಒಂದು ಆಫೀಸಲ್ಲಿ ಕ್ಲರ್ಕು. ಯಾವ ಆಫೀಸು ಅಂತ ಕೇಳಬೇಡಿ. ಬೆಳಿಗ್ಗೆ 11ಕ್ಕೆ ಫೋನ್ ಬಂತು: "ಲೋ, ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಬಂದು ಈ ಕಂಪ್ಯೂಟ್ರು ನೋಡ್ಲಾ. ಬೆಳಿಗ್ಗೆಯಿಂದ ಪಾಸ್‌ವರ್ಡ್ ಕೇಳಿದ್ದೇ ಕೇಳ್ತಾ ಅದೆ."

ಹೋದೆ. ಬ್ರೌಸರ್ ತೆರೆದರೆ ಪ್ರಾಕ್ಸಿ ಲಾಗಿನ್ ಬಾಕ್ಸು. ಯೂಸರ್‌ನೇಮ್ ತಾನೇ ತುಂಬಿಕೊಂಡಿದೆ. ಪಾಸ್‌ವರ್ಡ್ ಹಾಕಿ ಎಂಟರ್ ಒತ್ತಿದ್ರೆ ಅದೇ ಬಾಕ್ಸು ಮತ್ತೆ ಬರುತ್ತೆ. ನಾನು ಎಲ್ಲರೂ ಮಾಡೋದನ್ನೇ ಮಾಡಿದೆ: ಹಿಸ್ಟರಿ ಕ್ಲಿಯರ್, ರೀಸ್ಟಾರ್ಟ್, ಆಮೇಲೆ "ಮಾವ, ಇನ್ನೊಂದ್ಸಲ ಹಾಕಿ". ಅವರು ಹಾಕಿದ್ರು. ಮತ್ತೆ ಹಾಕಿದ್ರು. ಎಷ್ಟು ಸಲ ಅಂತ ಇಬ್ಬರೂ ಲೆಕ್ಕ ಇಡಲಿಲ್ಲ.

ಏನೋ ಬರ್ಕೊಳ್ಳೋಣ ಅಂತ ನೋಟ್‌ಪ್ಯಾಡ್ ತೆಗೆದಾಗ ಗೊತ್ತಾಯ್ತು. ಇಂಗ್ಲಿಷ್ ಅಕ್ಷರ ಒತ್ತಿದ್ರೆ ಕನ್ನಡ ಬೀಳ್ತಿದೆ! ಹಿಂದಿನ ದಿನ ಪತ್ರ ಟೈಪ್ ಮಾಡಿದ ಮೇಲೆ 'ನುಡಿ' ಆನ್ ಆಗೇ ಉಳಿದಿತ್ತು. ಪಾಸ್‌ವರ್ಡ್ ಜಾಗದಲ್ಲಿ ಕಾಣೋದು ಬರೀ ಚುಕ್ಕಿ, ಯಾರಿಗೆ ತಿಳಿಯುತ್ತೆ? ಸ್ಕ್ರೋಲ್ ಲಾಕ್ ಒತ್ತಿ ಇಂಗ್ಲಿಷ್‌ಗೆ ತಂದು ಹಾಕಿದ್ವಿ. ಆಗಲೂ ಅದೇ ಬಾಕ್ಸು. ಅಷ್ಟೊತ್ತಿಗೆ ಅಕೌಂಟೇ ಲಾಕ್ ಆಗಿತ್ತು. ಲಾಕ್ ಮಾಡಿಸಿದ್ದು ನನ್ನ "ಇನ್ನೊಂದ್ಸಲ ಹಾಕಿ".

ಮೇಲುಕೋಟೆ ಕಡೆಯಿಂದ ಬಂದಿದ್ದ ಒಬ್ಬ ಅಜ್ಜ ಬೆಂಚ್ ಮೇಲೆ ಕೂತಿದ್ರು. ನಾಳೆ ಬನ್ನಿ ಅಂದ್ರು ಮಾವ. "ಆಯ್ತು ಕಣಪ್ಪ" ಅಂತ ಚೀಲ ಎತ್ಕೊಂಡು ಹೊರಟ್ರು. ನಾನು ಕೀಬೋರ್ಡ್ ನೋಡ್ತಾ ಕೂತೆ.

ಪಕ್ಕದ ಟೇಬಲ್ಲಿನವರು ಅಂದದ್ದು ಇನ್ನೂ ಚುಚ್ಚುತ್ತೆ: "ಕನ್ನಡ ಹಾಕ್ಕೊಂಡ್ರೆ ಇದೇ ಗೋಳು. ಆ ನುಡಿ ತೆಗೆದ್ಹಾಕಿ."

ಇದನ್ನ ನಾನು ಒಪ್ಪಲ್ಲ. ತಪ್ಪು ಕನ್ನಡದ್ದಲ್ಲ, ಮಾವನ 'ಕಂಪ್ಯೂಟರ್ ಬರಲ್ಲ' ಅನ್ನೋದ್ದೂ ಅಲ್ಲ. ನಾನು ನರ್ಸರಿಯಿಂದ ಇಂಗ್ಲಿಷ್ ಮೀಡಿಯಂ. ಆ ಬಾಕ್ಸಿನ ಇಂಗ್ಲಿಷ್ ನನಗೂ ಏನೂ ಹೇಳಲಿಲ್ಲ. ಪ್ರಾಕ್ಸಿ ಕಳಿಸೋದು 407 ಅನ್ನೋ ಕೋಡ್. ವೆಬ್‌ಸೈಟೇ ಲಾಗಿನ್ ಕೇಳಿದ್ರೆ ಅದು 401. ಹಾಸ್ಟೆಲ್ ಗೇಟಲ್ಲಿ ವಾಚ್‌ಮನ್ ತಡೆಯೋದಕ್ಕೂ ರೂಮಿಗೆ ಬೀಗ ಇರೋದಕ್ಕೂ ಇರೋ ವ್ಯತ್ಯಾಸ ಇದು. ಆದರೆ ಪಾಸ್‌ವರ್ಡ್ ತಪ್ಪಾದ್ರೂ, ಹಳೇದು ಸೇವ್ ಆಗಿದ್ರೂ, ಅಕೌಂಟ್ ಲಾಕ್ ಆಗಿದ್ರೂ ಜನರಿಗೆ ಕಾಣೋದು ಒಂದೇ ಬಾಕ್ಸು.

ಕಾರಣ ಬಿಡಿಸಿ ಹೇಳಿದ್ರೆ ಕಳ್ಳನಿಗೂ ಅನುಕೂಲ ಅಂತ ನಮ್ಮ ಕ್ಲಾಸಿನವರೇ ವಾದ ಮಾಡ್ತಾರೆ. ಸರಿ, ಕಾರಣ ಹೇಳೋದು ಬೇಡ. ಆದರೆ ಆ ಬಾಕ್ಸಲ್ಲಿ ಕ್ಯಾನ್ಸಲ್ ಒತ್ತಿದ್ರೆ, ಎಚ್‌ಟಿಟಿಪಿಎಸ್ ಅಲ್ಲದ ಸೈಟುಗಳಲ್ಲಾದ್ರೂ, 407 ಜೊತೆ ಬಂದಿರೋ ಪುಟ ಕಾಣುತ್ತೆ. ಸ್ಕ್ವಿಡ್ ಥರದ ಪ್ರಾಕ್ಸಿಯಲ್ಲಿ ಅದು ಬರೀ ಎಚ್‌ಟಿಎಮ್‌ಎಲ್ ಫೈಲು, ನಾವು ಫಸ್ಟ್ ಇಯರಲ್ಲೇ ಬರೆಯೋವಂಥದ್ದು. ಅಲ್ಲಿ ಎರಡು ಸಾಲು ಕನ್ನಡ ಹಾಕೋಕೆ ಯಾವ ಟೆಂಡರೂ ಬೇಡ. ಶ್ರೀರಂಗಪಟ್ಟಣ, ಕೆ.ಆರ್.ಪೇಟೆ, ನಾಗಮಂಗಲ ಕಡೆಯಿಂದ ಬಂದವರು ನಮ್ಮ ಕಾಲೇಜಲ್ಲಿ ಎಷ್ಟು ಜನ ಇದ್ದೀವಿ! ನಾಳೆ ಯಾವುದೋ ಆಫೀಸಿನ ಸರ್ವರ್ ನೋಡ್ಕೊಳ್ಳೋದು ನಮ್ಮಲ್ಲೇ ಯಾರೋ ಒಬ್ಬರು.

ಸದ್ಯಕ್ಕೆ ಸರ್ವರ್ ನನ್ನ ಕೈಯಲ್ಲಿಲ್ಲ. ಒಂದು ಚೀಟಿ ಬರೆದುಕೊಟ್ಟೆ: "ನುಡಿ ಆನ್ ಇದೆಯಾ ನೋಡಿ. ಗುಪ್ತಪದ ಎರಡು ಸಲ ತಪ್ಪಾದರೆ ನಿಲ್ಲಿಸಿ, ಈ ನಂಬರಿಗೆ ಫೋನ್ ಮಾಡಿ." ಮಾವ ಓದಿ, 'ಗುಪ್ತಪದ' ಹೊಡೆದುಹಾಕಿ 'ಪಾಸ್‌ವರ್ಡ್' ಅಂತ ಬರೆದು, ಮಾನಿಟರ್ ಪಕ್ಕ ಅಂಟಿಸಿದ್ರು.