ಮೊಳೆ ಅಚ್ಚುಕೂಟಗಳ ಘೋಷಣಾಪತ್ರ: ಕಾಯ್ದೆ ಹೋಯಿತು, ಕಡತಗಳ ಗತಿಯೇನು?

2024ರ ಮಾರ್ಚ್ 1ರಂದು ಜಾರಿಗೆ ಬಂದ ಪತ್ರಿಕೆ ಹಾಗೂ ನಿಯತಕಾಲಿಕಗಳ ನೋಂದಣಿ ಕಾಯ್ದೆಯ ಕುರಿತ ಚರ್ಚೆಯೆಲ್ಲ ಆನ್‌ಲೈನ್ ನೋಂದಣಿ, ಶೀರ್ಷಿಕೆ ಮಂಜೂರಾತಿ, ನೋಂದಣಾಧಿಕಾರಿಯ ಅಧಿಕಾರ ಇತ್ಯಾದಿಗಳ ಸುತ್ತಲೇ ನಡೆಯಿತು. ಅದೇ ದಿನ 1867ರ ಮುದ್ರಣಾಲಯ ಹಾಗೂ ಪುಸ್ತಕಗಳ ನೋಂದಣಿ ಕಾಯ್ದೆ ಅಸ್ತಂಗತವಾಯಿತು. ಅದರ ಜತೆಗೆ, ಅಚ್ಚಿನ ಯಂತ್ರ ಇಟ್ಟುಕೊಂಡ ಪ್ರತಿಯೊಬ್ಬನೂ ದಂಡಾಧಿಕಾರಿಯ ಮುಂದೆ ಹಾಜರಾಗಿ ‘ಇಂಥ ಸ್ಥಳದಲ್ಲಿ ನನ್ನ ಮುದ್ರಣಾಲಯವಿದೆ’ ಎಂದು ಘೋಷಿಸಬೇಕೆಂಬ ನಿಯಮವೂ ಹೋಯಿತು. ನಿಯತಕಾಲಿಕ ಮುದ್ರಿಸುವವರು ಮಾತ್ರ ಈಗ ಮಾಹಿತಿ ಸಲ್ಲಿಸಬೇಕು. ಲಗ್ನಪತ್ರಿಕೆ, ಬಿಲ್ ಪುಸ್ತಕ ಅಚ್ಚು ಹಾಕುವವರನ್ನು ಕೇಳುವವರಿಲ್ಲ. ಚುನಾವಣೆಯ ಕರಪತ್ರ ಮಾತ್ರ ಇದಕ್ಕೆ ಅಪವಾದ; ಅದರ ಮೇಲೆ ಮುದ್ರಕನ ಹೆಸರು ಇರಲೇಬೇಕೆಂದು ಜನತಾ ಪ್ರಾತಿನಿಧ್ಯ ಕಾಯ್ದೆ ಇಂದಿಗೂ ಹೇಳುತ್ತದೆ.

ಹಳೆಯ ನಿಯಮಕ್ಕಾಗಿ ಯಾರೂ ಮರುಗಲಿಲ್ಲ. ಮರುಗುವಂಥ ಕಾಯ್ದೆಯೂ ಅದಲ್ಲ. 1857ರ ದಂಗೆಯ ಹತ್ತು ವರ್ಷಗಳ ತರುವಾಯ, ಯಾರು ಎಲ್ಲಿ ಏನನ್ನು ಅಚ್ಚು ಹಾಕುತ್ತಿದ್ದಾರೆಂದು ತಿಳಿದಿರಬೇಕೆಂಬ ಆಳರಸರ ಅಪೇಕ್ಷೆಯಿಂದ ಹುಟ್ಟಿದ್ದು ಅದು. ಘೋಷಣೆಯಿಲ್ಲದೆ ಯಂತ್ರವಿಟ್ಟುಕೊಂಡವನಿಗೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದಿತ್ತು. ಆದರೆ ಸಂಶಯದ ಕಣ್ಣಿಗೆ ಒಂದು ಗುಣವಿದೆ: ಅದು ಸಣ್ಣವರನ್ನೂ ಬಿಡದೆ ನೋಡುತ್ತದೆ. ಅಚ್ಚುಕೂಟ ಬೀದಿ ಬದಲಿಸಿದರೂ ಹೊಸ ಘೋಷಣೆ ಬೇಕಿತ್ತು. ಆಗ ಬ್ರಿಟಿಷರ ನೇರ ಆಡಳಿತದಲ್ಲಿದ್ದ ದಕ್ಷಿಣ ಕನ್ನಡ, ಬಳ್ಳಾರಿ, ಧಾರವಾಡ ಜಿಲ್ಲೆಗಳಿಗೆ ಮೊದಲು, ಸ್ವಾತಂತ್ರ್ಯಾನಂತರ ಹಳೆಯ ಮೈಸೂರಿಗೂ ಅನ್ವಯಿಸಿದ ಈ ವ್ಯವಸ್ಥೆಯಿಂದಾಗಿ, ಕನ್ನಡ ನಾಡಿನ ಅಜ್ಞಾತ ಅಚ್ಚುಕೂಟಗಳಿಗೂ ಒಂದು ಹಾಜರಿಪಟ್ಟಿ ತಾನಾಗಿ ಸಿದ್ಧವಾಯಿತು.

ಈ ಪಟ್ಟಿಯ ಬೆಲೆ ಏನೆಂಬುದು ನಮ್ಮ ಮುದ್ರಣದ ಇತಿಹಾಸ ಓದಿದವರಿಗೆ ತಿಳಿದೀತು. ಅಲ್ಲಿ ಸಿಗುವುದು ದೊಡ್ಡ ಹೆಸರುಗಳೇ. 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ, 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯ, ಅಲ್ಲಿಯೇ 1894ರಲ್ಲಿ ಹೊರಬಂದ, ಸುಮಾರು 70,000 ಶಬ್ದಗಳ ಕಿಟ್ಟೆಲ್ ನಿಘಂಟು. (ಜುಲೈ 1ರ ಪತ್ರಿಕಾ ದಿನದಂದು ನಾವು ನೆನೆಯುವ 1843ರ ‘ಮಂಗಳೂರ ಸಮಾಚಾರ’ ಮೊಳೆಯಲ್ಲಿ ಅಚ್ಚಾದದ್ದಲ್ಲ, ಕಲ್ಲಚ್ಚಿನದು ಎಂಬುದನ್ನು ಭಾಷಣಕಾರರು ಆಗಾಗ ಮರೆಯುತ್ತಾರೆ.) ಆದರೆ ಕನ್ನಡವನ್ನು ಮನೆಮನೆಗೆ ಮುಟ್ಟಿಸಿದ್ದು ತಾಲೂಕು ಕೇಂದ್ರದ ಒಂದು ಟ್ರೆಡಲ್ ಯಂತ್ರ, ನಾಲ್ಕಾರು ಮೊಳೆಯ ಕೇಸುಗಳು. ಯಕ್ಷಗಾನ ಪ್ರಸಂಗ, ಸಹಕಾರಿ ಸಂಘದ ವರದಿ, ನಾಟಕದ ಹ್ಯಾಂಡ್‌ಬಿಲ್, ದೇವಸ್ಥಾನದ ರಶೀದಿ, ಉತ್ತರಕ್ರಿಯೆಯ ಕಾಗದ ಎಲ್ಲವೂ ಅಲ್ಲಿಂದಲೇ ಬಂದವು. ಅವುಗಳ ಚರಿತ್ರೆ ಎಲ್ಲಿದೆ?

ಆ ಮನೆಗಳಲ್ಲಿ ನಡೆಯುತ್ತಿದ್ದ ಕೆಲಸವೇನೆಂದು ಇಂದಿನ ತರುಣರಿಗೆ ಹೇಳಬೇಕಾಗಿದೆ. ಸೀಸ, ಆಂಟಿಮನಿ, ತವರ ಬೆರೆತ ಮೊಳೆಯ ತುದಿಯಲ್ಲಿ ಅಕ್ಷರ ಕನ್ನಡಿಯ ಬಿಂಬದಂತೆ ತಿರುಗಿರುತ್ತದೆ. ಕಂಪೋಸಿಟರ್ ಎಡಗೈಯಲ್ಲಿ ಸ್ಟಿಕ್ ಹಿಡಿದು, ಬಲಗೈಯಿಂದ ಒಂದೊಂದೇ ಮೊಳೆ ಹೆಕ್ಕಿ, ಸಾಲನ್ನು ತಲೆಕೆಳಗಾಗಿ ಓದುತ್ತಲೇ ಜೋಡಿಸುತ್ತಿದ್ದ. ಇಂಗ್ಲಿಷಿಗೆ ಎರಡು ಕೇಸು ಸಾಕಾದರೆ, ಗುಣಿತ ಮತ್ತು ಒತ್ತಕ್ಷರಗಳ ದೆಸೆಯಿಂದ ಕನ್ನಡಕ್ಕೆ ನೂರಾರು ಗೂಡುಗಳು ಬೇಕಿದ್ದವು. ‘ಸ್ಥಿತಿ’ ಎಂಬ ಪದಕ್ಕೆ ಆತ ಮೊದಲು ‘ಸಿ’ ತೆಗೆದು, ಬಳಿಕ ‘ಥ’ಕಾರದ ಒತ್ತು ಇಟ್ಟು, ಆಮೇಲೆ ‘ತಿ’ ಸೇರಿಸಬೇಕು. ಅಂದರೆ ನಾಲಗೆಯ ಕ್ರಮವಲ್ಲ, ಕಣ್ಣಿನ ಕ್ರಮ. ಗಣಕಕ್ಕೆ ಮೊದಲು ಬಂದ ಕನ್ನಡ ಫಾಂಟುಗಳೂ ಹೆಚ್ಚುಕಡಿಮೆ ಇದೇ ಕ್ರಮವನ್ನು ಅನುಸರಿಸಿದವು. ಯೂನಿಕೋಡ್ ಬಂದ ಮೇಲಷ್ಟೆ ಕ್ರಮ ಉಚ್ಚಾರಣೆಗೆ ತಿರುಗಿತು.

ಸಣ್ಣ ಅಚ್ಚುಕೂಟದಲ್ಲಿ ಮೊಳೆಯೂ ಮಿತ. ಒಂದು ಫಾರಂ ಅಚ್ಚಾದ ಮೇಲೆ ಅದನ್ನು ಬಿಚ್ಚಿ, ಮೊಳೆಗಳನ್ನು ಆಯಾ ಗೂಡಿಗೆ ಮರಳಿ ಹಾಕಿದ ನಂತರವೇ ಮುಂದಿನ ಫಾರಂ. ಲೇಖಕರು ಕರಡಚ್ಚು ತಿದ್ದಿ ಕಳಿಸಲು ತಡಮಾಡಿದರೆ ಅಚ್ಚುಕೂಟದ ಅರ್ಧ ಅಕ್ಷರಗಳೇ ಅಲ್ಲಿ ಸೆರೆಯಾಗಿರುತ್ತಿದ್ದವು. ಮರಳಿಸುವಾಗ ‘ಪ’ ಹೋಗಿ ‘ಷ’ದ ಗೂಡಿಗೆ ಬಿದ್ದರೆ ಮುಂದಿನ ಲಗ್ನಪತ್ರಿಕೆಯಲ್ಲಿ ಅನಾಹುತ. ಬೈಗುಳ ಮಾತ್ರ ಮುದ್ರಾರಾಕ್ಷಸನಿಗೆ!

ಆಫ್‌ಸೆಟ್ ಮತ್ತು ಡಿಟಿಪಿ ಬಂದ ಮೇಲೆ ಇದೆಲ್ಲ ಬಲುಬೇಗ ಮುಗಿಯಿತು. ಅಳಿದುಳಿದ ಟ್ರೆಡಲ್‌ಗಳಿಗೆ ಬಿಲ್ ಪುಸ್ತಕದ ನಂಬರಿಂಗ್, ರಶೀದಿ ಹರಿಯಲು ಸಾಲುತೂತು, ರಟ್ಟಿಗೆ ಮಡಿಕೆಗೆರೆ ಹಾಕುವ ಕೆಲಸ ಉಳಿಯಿತು. 2017ರ ಜಿಎಸ್‌ಟಿಯ ನಂತರ ಅಂಗಡಿಗಳ ಬಿಲ್ಲೂ ಗಣಕಕ್ಕೆ ಸರಿಯತೊಡಗಿ ಅದೂ ಕ್ಷೀಣಿಸುತ್ತಿದೆ. ಮೊಳೆಗಳು ಸೀಸದ ದರದಲ್ಲಿ ಗುಜರಿಗೆ ಸೇರುತ್ತವೆ. ಯಂತ್ರವನ್ನಾದರೂ ಬಣ್ಣ ಬಳಿದು ಸ್ವಾಗತ ಕೊಠಡಿಯಲ್ಲಿ ನಿಲ್ಲಿಸುವವರಿದ್ದಾರೆ. ಮೊಳೆಯ ಕೇಸನ್ನು ಕೊಳ್ಳುವವನು ಅದರಲ್ಲಿ ಗೊಂಬೆ ಜೋಡಿಸುತ್ತಾನೆ.

ಆದುದರಿಂದ ಸರಕಾರ ಮಾಡಬೇಕಾದ ಮೊದಲ ಕೆಲಸ ವಸ್ತುಸಂಗ್ರಹಾಲಯ ಕಟ್ಟುವುದಲ್ಲ. ಹಳೆಯ ಕಾಯ್ದೆಯಂತೆ ಘೋಷಣೆಯ ಒಂದು ಪ್ರತಿ ದಂಡಾಧಿಕಾರಿಯ ಕಚೇರಿಗೆ, ಇನ್ನೊಂದು ನ್ಯಾಯಾಲಯದ ದಾಖಲೆಗೆ ಸೇರಬೇಕಿತ್ತು. ಕಾಯ್ದೆಯೇ ರದ್ದಾದ ಮೇಲೆ ಆ ಕಡತಗಳಿಗೆ ಆಡಳಿತಾತ್ಮಕ ಉಪಯೋಗವಿಲ್ಲ. ಉಪಯೋಗವಿಲ್ಲದ ಕಡತವನ್ನು ಕಚೇರಿಗಳು ಏನು ಮಾಡುತ್ತವೆಂಬುದು ಎಲ್ಲರಿಗೂ ಗೊತ್ತು. ವಿಲೇವಾರಿಗೆ ಮುನ್ನ ಅವನ್ನು ಜಿಲ್ಲೆಗಳಿಂದ ತರಿಸಿಕೊಳ್ಳುವ ಹೊಣೆ ರಾಜ್ಯ ಪತ್ರಾಗಾರ ಇಲಾಖೆಯದು. ಅಂದು ಮದ್ರಾಸು, ಮುಂಬಯಿ ಪ್ರಾಂತಗಳಿಗೆ ಸೇರಿದ್ದ ಜಿಲ್ಲೆಗಳ ಕಾಗದಪತ್ರಗಳಿಗೆ ಅಲ್ಲಿಯೂ ಹುಡುಕಾಟ ನಡೆಯಬೇಕಾದೀತು.

ಇಷ್ಟು ಮಾಡಿದರೂ ಒಂದು ಕೊರತೆ ಉಳಿಯುತ್ತದೆ. ಘೋಷಣೆಯಲ್ಲಿರುವುದು ಮಾಲಿಕನ ಹೆಸರು. ಕಂಪೋಸಿಟರನ ಹೆಸರು ಅಲ್ಲಿಲ್ಲ, ಪುಸ್ತಕದ ಬೆನ್ನುಪುಟದಲ್ಲೂ ಇಲ್ಲ. 1990ರಲ್ಲಿ 25ರ ಪ್ರಾಯದಲ್ಲಿ ಮೊಳೆ ಜೋಡಿಸುತ್ತಿದ್ದವರಿಗೆ ಈಗ ಅರುವತ್ತು ಮೀರಿದೆ. ಕನ್ನಡ ಕೇಸಿನ ಯಾವ ಗೂಡಿನಲ್ಲಿ ಯಾವ ಅಕ್ಷರವಿತ್ತು, ಯಾವ ಒತ್ತು ಕೈಗೆ ಹತ್ತಿರವಿರುತ್ತಿತ್ತು ಎಂಬುದು ಅವರ ಬೆರಳುಗಳಿಗೆ ಇನ್ನೂ ನೆನಪಿದೆ. ಒಂದೊಂದು ಊರಿನಲ್ಲಿ ಅದನ್ನು ಕೇಳಿ ಬರೆದುಕೊಳ್ಳಲು ಒಂದು ಹಾಳೆ, ಒಂದು ಮಧ್ಯಾಹ್ನ ಸಾಕು. ಅದಕ್ಕೆ ಯಾವ ಕಾಯ್ದೆಯ ತಿದ್ದುಪಡಿಯೂ ಬೇಡ.