ತೇಲುವ ದೇಹ, ತಪ್ಪುವ ತುಟಿ

ಸಣ್ಣ ಫಿಲ್ಮಿನಲ್ಲಿ ಹಾಡಿನ ಚಿತ್ರ ತೆಗೆಯುವ ಹುಡುಗರನ್ನು ಕಂಡರೆ ತಿಳಿದವರು ಎರಡು ಮಾತು ಹೇಳುತ್ತಾರೆ. ಕೈಯಲ್ಲಿ ಫೋನು ಇರುವಾಗ ಇದು ಶುದ್ಧ ದುಂದು ಎಂಬುದು ಒಂದು. ಹಾಡದೆ ತುಟಿಯಾಡಿಸುವುದೇ ಮೋಸ, ಅದನ್ನು ನಿಧಾನಗತಿಯಲ್ಲಿ ತೋರಿಸುವುದು ಇಮ್ಮಡಿ ಮೋಸ ಎಂಬುದು ಇನ್ನೊಂದು. ಎರಡೂ ತಪ್ಪೆಂದು ನನ್ನ ವಾದ. ಹಾಗೆಂದು ಹುಡುಗರು ಹಿಗ್ಗಬೇಕಾದ್ದಿಲ್ಲ. ಅವರೊಡನೆಯೂ ನನಗೊಂದು ಜಗಳವಿದೆ, ಅದೇ ದೊಡ್ಡ ಜಗಳ.

ಮೊದಲು ದುಂದಿನ ಲೆಕ್ಕ ಮುಗಿಸಿಬಿಡೋಣ. ಕೊಡಕ್ ಕಂಪನಿ ೧೯೬೫ರಲ್ಲಿ ಹೊರತಂದ ಸೂಪರ್ ೮ ಫಿಲ್ಮು ೫೦ ಅಡಿಯ ಡಬ್ಬಿಯಲ್ಲಿ ಬರುತ್ತದೆ. ಅಡಿಗೆ ೭೨ ಚಿತ್ರ, ಡಬ್ಬಿಗೆ ೩,೬೦೦. ಸೆಕೆಂಡಿಗೆ ೨೪ರಂತೆ ತೆಗೆದರೆ ಡಬ್ಬಿ ಎರಡೂವರೆ ನಿಮಿಷ ಬಾಳುತ್ತದೆ. ನಿಧಾನಗತಿ ಬೇಕೆಂದು ಸೆಕೆಂಡಿಗೆ ೫೪ ಚಿತ್ರ ತೆಗೆದರೆ—ಬ್ರೌನ್ ನಿಝೊ ಕ್ಯಾಮರಾಗಳ ಕೆಲವು ಮಾದರಿಗಳಲ್ಲಿ ಆ ವೇಗ ಉಂಟು—೬೭ ಸೆಕೆಂಡಿಗೆಲ್ಲ ಡಬ್ಬಿ ಖಾಲಿ. “ನೋಡಿದಿರಾ!” ಎನ್ನುತ್ತಾರೆ ತಿಳಿದವರು. ನೋಡಿದೆ, ಸ್ವಾಮಿ. ಆದರೆ ಪರದೆಯ ಮೇಲೆ ಆ ೩,೬೦೦ ಚಿತ್ರಗಳು ಎಂದಿನಂತೆ ಎರಡೂವರೆ ನಿಮಿಷವೇ ಓಡುತ್ತವೆ. ತುಟಿ ಹೊಂದಬೇಕಾದರೆ ಚಿತ್ರೀಕರಣದಲ್ಲಿ ಹಾಡನ್ನು ಎರಡೂಕಾಲು ಪಟ್ಟು ವೇಗದಲ್ಲಿ ನುಡಿಸಬೇಕು. ನಾಲ್ಕು ನಿಮಿಷದ ಹಾಡು ಒಂದು ನಿಮಿಷ ನಲವತ್ತೇಳು ಸೆಕೆಂಡಿಗೆ ಮುಗಿಯುತ್ತದೆ. ಖರ್ಚಾಗುವ ಚಿತ್ರ ೫,೭೬೦. ಅದೇ ಹಾಡನ್ನು ಸಹಜ ವೇಗದಲ್ಲಿ ತೆಗೆದರೂ ೫,೭೬೦. ಹೆಚ್ಚಿಗೆ ಬೇಕಾಗುವುದು ಬೆಳಕು ಮಾತ್ರ, ಏಕೆಂದರೆ ಒಂದೊಂದು ಚಿತ್ರಕ್ಕೂ ಅರ್ಧಕ್ಕಿಂತ ಕಡಮೆ ಬೆಳಕು ದಕ್ಕುತ್ತದೆ. ಬಿಸಿಲಿಗೆ ಯಾರೂ ದುಡ್ಡು ಕೇಳುವುದಿಲ್ಲವಲ್ಲ.

ಇನ್ನು ಮೋಸದ ಮಾತು. ಪಿ. ಬಿ. ಶ್ರೀನಿವಾಸರ ಕಂಠಕ್ಕೆ ರಾಜಕುಮಾರರ ತುಟಿ ಒಲಿದುಬಂದುದನ್ನು ವರ್ಷಗಟ್ಟಲೆ ಕಣ್ತುಂಬ ನೋಡಿದ ನಾಡು ಇದು. ಮೋಸವಾಯಿತೆಂದು ಯಾರೂ ಟಿಕೀಟಿನ ಹಣ ವಾಪಸು ಕೇಳಲಿಲ್ಲ. ತುಟಿಯಾಟ ಒಂದು ಅಭಿನಯ. ಅಭಿನಯವನ್ನು ಮೋಸವೆನ್ನುವವರು ಯಕ್ಷಗಾನದ ಬಯಲಿಗೂ ಕಾಲಿಡಬಾರದು. ಅಲ್ಲಿಯೂ ಪದ ಹೇಳುವವರು ಭಾಗವತರು, ಕುಣಿಯುವವರು ಬೇರೆ.

ಈ ಉಪಾಯ ನಮ್ಮ ಹುಡುಗರು ಕಂಡುಹಿಡಿದದ್ದಲ್ಲ. ೧೯೮೩ರಲ್ಲಿ ‘ಪೊಲೀಸ್’ ಎಂಬ ಇಂಗ್ಲಿಷ್ ತಂಡದ ಒಂದು ಹಾಡಿಗೆ ಗಾಡ್ಲಿ ಮತ್ತು ಕ್ರೀಮ್ ಎಂಬಿಬ್ಬರು ಹೀಗೆಯೇ ಚಿತ್ರ ತೆಗೆದರು: ಮೇಣದಬತ್ತಿಗಳ ನಡುವೆ ಗಾಯಕ ನೀರಿನಲ್ಲಿ ನಡೆದಂತೆ ನಡೆಯುತ್ತಾನೆ, ತುಟಿ ಮಾತ್ರ ಹಾಡಿನ ಜೊತೆಗೇ ಇರುತ್ತದೆ. ೨೦೦೦ದಲ್ಲಿ ‘ಕೋಲ್ಡ್‌ಪ್ಲೇ’ ತಂಡದವನು ಕಡಲತೀರದಲ್ಲಿ ಇಮ್ಮಡಿ ವೇಗಕ್ಕೆ ತುಟಿಯಾಡಿಸಿದ. ಫಿಲ್ಮಿನ ಅಗಲ ಏನೇ ಇರಲಿ, ಉಪಾಯ ಒಂದೇ. ಸುರುಳಿಯನ್ನು ಸುಮ್ಮನೆ ವೇಗವಾಗಿ ಓಡಿಸಿದರೆ ಶ್ರುತಿಯೂ ಏರುತ್ತದೆ: ಒಂದೂವರೆ ಪಟ್ಟಿಗೆ ಷಡ್ಜ ಪಂಚಮವಾಗುತ್ತದೆ, ಎರಡಕ್ಕೆ ತಾರಷಡ್ಜ, ಎರಡೂಕಾಲಿಗೆ ಅದರಾಚೆಯ ರಿಷಭ, ಗಂಭೀರ ಗಾಯಕನೂ ಕಿವಿಯ ಬಳಿ ಗುಂಯ್‌ಗುಡುವ ಸೊಳ್ಳೆಯಾಗುತ್ತಾನೆ. ಈಗ ಕಂಪ್ಯೂಟರು ಶ್ರುತಿ ಕೆಡದಂತೆ ಲಯವನ್ನಷ್ಟೇ ಓಡಿಸಿಕೊಡುತ್ತದೆ.

ಇಷ್ಟು ಅನುಕೂಲವಿದ್ದೂ ನಮ್ಮವರು ಮಾಡುತ್ತಿರುವುದೇನು? ಇಲ್ಲಿಂದ ನನ್ನ ಜಗಳ. ಈಚೆಗೆ ನಾನು ನೋಡಿದ ಇಂಥ ಹಾಡುಗಳಲ್ಲಿ ಗಾಯಕರು ವೇಗಕ್ಕೆ ಹೆದರಿ ಅಕ್ಷರಗಳನ್ನು ನುಂಗುತ್ತಾರೆ. ನುಂಗಿದರೆ ಕಿವಿಗೆ ತಿಳಿಯದು, ಧ್ವನಿ ಮೊದಲೇ ಮುದ್ರಣವಾಗಿದೆ. ಕಣ್ಣಿಗೆ ತಿಳಿಯುತ್ತದೆ. ಪ, ಬ, ಮ—ಇವು ತುಟಿ ಮುಚ್ಚದೆ ಹುಟ್ಟದ ಅಕ್ಷರಗಳು. ‘ಅಮ್ಮ’ ಎಂಬಲ್ಲಿ ತುಟಿ ಮುಚ್ಚಿ, ಒಂದು ಗಳಿಗೆ ತಡೆದು, ಆಮೇಲೆ ತೆರೆಯಬೇಕು. ಆ ತಡೆಯೇ ಒತ್ತಕ್ಷರ. ಹಾಡಿನಲ್ಲಿ ಒಂದು ಸೆಕೆಂಡು ಹಿಡಿಯುವ ಆ ಮಾತಿಗೆ ಕ್ಯಾಮರಾದ ಮುಂದೆ ಸಿಗುವುದು ಅರ್ಧ ಸೆಕೆಂಡಿಗೂ ಕಡಮೆ. ಗಾಯಕ ತುಟಿ ಅರೆಬರೆ ತಾಗಿಸಿ ಮುಂದಕ್ಕೆ ಓಡುತ್ತಾನೆ. ಪರದೆಯ ಮೇಲೆ ಆ ಅವಸರ ಎರಡೂಕಾಲು ಪಟ್ಟು ಹಿಗ್ಗಿ, ಎಲ್ಲರೆದುರು ಬಿಚ್ಚಿಕೊಳ್ಳುತ್ತದೆ. ಕಿವಿಗೆ ‘ಅಮ್ಮ’, ಕಣ್ಣಿಗೆ ‘ಅವ್ವ’. ಅವ್ವನೂ ನಮ್ಮವಳೇ, ಸರಿ. ಆದರೆ ಕವಿ ಬರೆದದ್ದು ಅದಲ್ಲ. ಡಬ್ಬಿಂಗ್ ಬೇಡವೆಂದು ದಶಕಗಟ್ಟಲೆ ಬೀದಿಗಿಳಿದ ನಾಡಿನಲ್ಲಿ ಕನ್ನಡ ಹಾಡನ್ನು ಕನ್ನಡದವನೇ ಹಾಡಿ ಡಬ್ಬಿಂಗ್ ಮಾಡಿದಂತೆ ಕಾಣಿಸುವುದು ಎಂಥ ಕರ್ಮ!

ಇದನ್ನು ಮುಚ್ಚಿಕೊಳ್ಳಲು ಸಂಕಲನದಲ್ಲಿ ಒಂದು ಸಂಪ್ರದಾಯವೇ ಬೆಳೆದಿದೆ. ಕಷ್ಟದ ಪದ ಬಂದೊಡನೆ ಗಾಯಕಿ ಮುಖ ತಿರುಗಿಸುತ್ತಾಳೆ, ಕೂದಲು ಹಾರುತ್ತದೆ, ಎಲೆಯ ತುದಿಯಿಂದ ಒಂದು ಹನಿ ಉದುರುತ್ತದೆ. ಪಲ್ಲವಿಗೆ ಮೂರು ಹನಿ, ಚರಣಕ್ಕೆ ಐದು. ಇಷ್ಟು ಹನಿ ಬೇಕಾದರೆ ಆಗುಂಬೆಯಲ್ಲಿ ಒಂದು ಕೊಡೆ ಹಿಡಿದು ನಿಂತರಾಯಿತು, ಗಾಯಕಿ ಏಕೆ?

ಗೀರಿನ ಹುಚ್ಚಿನ ಬಗ್ಗೆ ಹೆಚ್ಚು ಹೇಳಲಾರೆ. ಫೋನಿನಲ್ಲಿ ತೆಗೆದ ಚಿತ್ರಕ್ಕೆ ಕಂಪ್ಯೂಟರಿನಿಂದ ಗೀರು, ಧೂಳು ಅಂಟಿಸಿ ‘ಫಿಲ್ಮಿನ ಸೊಗಸು’ ಎನ್ನುತ್ತಾರೆ. ಗೀರು ಫಿಲ್ಮಿಗೆ ಆದ ಗಾಯ. ಟೂರಿಂಗ್ ಟಾಕೀಸಿನಲ್ಲಿ ಅದನ್ನು ಕಂಡು ಶಪಿಸಿದವರ ಮೊಮ್ಮಕ್ಕಳು ಹೊಸ ಅಂಗಿಗೆ ತೇಪೆ ಹಾಕಿಕೊಂಡು ಮದುವೆಗೆ ಹೊರಟಿದ್ದಾರೆ.

ನಿಜವಾದ ಫಿಲ್ಮಿನವರಿಗೂ ಒಂದು ಮಾತು. ಹಳೆಯ ಕ್ಯಾಮರಾದ ಮೇಲೆ ೫೪ ಎಂದು ಕೊರೆದಿದ್ದರೆ ಅದು ೫೪ಕ್ಕೇ ಓಡುತ್ತದೆಂಬ ಭರವಸೆ ಬೇಡ. ೫೩ಕ್ಕೆ ಓಡಿದರೂ, ಪರದೆಯ ಮೇಲೆ ೨೦ ಸೆಕೆಂಡು ಕಳೆಯುವಷ್ಟರಲ್ಲಿ ತುಟಿ ಧ್ವನಿಗಿಂತ ಸುಮಾರು ಒಂಬತ್ತು ಚಿತ್ರ ಮುಂದೆ ಹೋಗಿರುತ್ತದೆ. ಎರಡು ಮೂರು ತಪ್ಪಿದರೇ ಕಣ್ಣು ಹಿಡಿಯುತ್ತದೆ. ನಾಲ್ಕೈದು ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಒಂದೊಂದನ್ನೂ ಹೊಂದಿಸಬೇಕು. ಬೇಸರದ ಕೆಲಸ. ಗಾಯಕರಿಗೆ ಅದಕ್ಕಿಂತ ಬೇಸರದ ಕೆಲಸ ಇದೆ: ಕನ್ನಡಿಯ ಮುಂದೆ ನಿಂತು ಓಡುವ ಹಾಡಿಗೆ ಪ, ಬ, ಮಗಳನ್ನು ಪೂರ್ತಿ ಮುಚ್ಚುವ ಅಭ್ಯಾಸ, ಒಂದು ವಾರ. ಅದಕ್ಕೆ ಫಿಲ್ಮೂ ಬೇಡ, ಬಿಸಿಲೂ ಬೇಡ. ಬಾಡಿಗೆ ಕ್ಯಾಮರಾಕ್ಕೆ ಕೈಯಿಂದ ಹಣ ಸುರಿಯುವವರು ಈ ಬಿಟ್ಟಿ ಅಭ್ಯಾಸವನ್ನೇ ಬಿಡುತ್ತಾರೆ.

ಅದನ್ನು ಮಾಡಿದೆವೆನ್ನುವವರು ನನ್ನನ್ನು ಕರೆಯಲಿ. ಧ್ವನಿ ಆರಿಸಿ ಚಿತ್ರವನ್ನಷ್ಟೇ ಓಡಿಸಲಿ. ಹಾಡು ಯಾವುದೆಂದು ಮೊದಲೇ ಹೇಳುವುದು ಬೇಡ. ತುಟಿ ನೋಡಿ ಪಲ್ಲವಿಯ ಅರ್ಧ ಸಾಲನ್ನಾದರೂ ನಾನು ಓದಿದೆನಾದರೆ, ಅವರ ಮುಂದಿನ ಡಬ್ಬಿಯ ಹಣ ನನ್ನದು.