ಕೆರೆ ಒಡೆದರೆ ದೋಷ ಮುಗಿಲಿನದೇ?

ಬಿರುಗಾಳಿ ಎಂಬುದು ಕಡಲತೀರದವರ ಕಷ್ಟ, ಬಯಲುಸೀಮೆಯವರಾದ ನಮ್ಮ ಹಣೆಯಲ್ಲಿ ಬರೆದಿರುವುದು ಬರ ಒಂದೇ ಎಂದು ನಂಬಿದ್ದವರ ಕಣ್ಣನ್ನು 2021ರ ನವೆಂಬರ್ ತಿಂಗಳು ತೆರೆಸಿತು. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಆ ತಿಂಗಳ 19ರಂದು ಪುದುಚೇರಿ ಮತ್ತು ಚೆನ್ನೈಗಳ ನಡುವೆ ದಡ ಹತ್ತಿತು. ಅದು ಹೊತ್ತು ತಂದ ಮಳೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಹೊಲದಲ್ಲಿಯೂ ಸುರಿಯಿತು. ಕೊಯ್ಲಿಗೆ ಬಂದ ರಾಗಿ ನೆಲಕ್ಕೆ ಮಲಗಿ ತೆನೆಯಲ್ಲಿಯೇ ಮೊಳಕೆಯೊಡೆಯಿತು. ಆ ತಿಂಗಳ ಮಳೆಗೆ ರಾಜ್ಯದಲ್ಲಿ 20ಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. 2022ರ ಮಳೆಗಾಲದಲ್ಲಿ, ದೇವರಾಯನದುರ್ಗದಲ್ಲಿ ಹುಟ್ಟುವ ನಮ್ಮ ಜಯಮಂಗಲಿ ಮತ್ತೊಮ್ಮೆ ದಡ ಮೀರಿ ಹರಿಯಿತು. ಅದರ ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಸಾರಿತು. ಬಂದ ನೀರನ್ನು ಹಿಡಿದಿಡಲಾರದ ನಾಡು ಮುಳುಗಿಯೂ ಅಳುತ್ತದೆ, ಒಣಗಿಯೂ ಅಳುತ್ತದೆ.

ಇಂಥ ಹೊತ್ತಿನಲ್ಲಿ ಮೊದಲು ಓಡಿ ಬರುವವರು ಯಾರೆಂದು ನಮ್ಮ ಹಳ್ಳಿಯವರಿಗೆ ಗೊತ್ತು. ಜೀಪು ಬರುವುದಕ್ಕೆ ಮುಂಚೆ ನೆರೆಮನೆಯವರು ಬಂದಿರುತ್ತಾರೆ. ಗೋಡೆ ಕುಸಿದವರಿಗೆ ಶಾಲೆಯ ಬಾಗಿಲು ತೆರೆಯುತ್ತದೆ. ಮನೆಮನೆಯಿಂದ ರಾಗಿಹಿಟ್ಟು ಸೇರುತ್ತದೆ. ಹುಡುಗರು ಮರಳಿನ ಚೀಲ ಹೊತ್ತು ಏರಿಯ ಮೇಲೆ ರಾತ್ರಿ ಕಳೆಯುತ್ತಾರೆ. ಇದನ್ನು ನಾವು ಮನಸಾರೆ ಕೊಂಡಾಡುತ್ತೇವೆ. ಆದರೆ ಜನರ ಔದಾರ್ಯ ಸರ್ಕಾರದ ಹೊಣೆಗೇಡಿತನಕ್ಕೆ ಮುಚ್ಚಳವಾಗಬಾರದು.

ಪರಿಹಾರದ ಕಥೆಯನ್ನೇ ನೋಡಿ. 2021ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಹೆಕ್ಟೇರಿಗೆ ಖುಷ್ಕಿ ಬೆಳೆಗೆ 6,800 ರೂಪಾಯಿ ಇದ್ದುದನ್ನು 13,600ಕ್ಕೂ, ನೀರಾವರಿ ಬೆಳೆಗೆ 13,500 ಇದ್ದುದನ್ನು 25,000ಕ್ಕೂ ಏರಿಸಿತು. ಒಳ್ಳೆಯದೇ. ಆದರೆ ಆ ಹಣ ಹೋಗುವುದು ಪಹಣಿಯಲ್ಲಿ ಹೆಸರಿರುವವನಿಗೆ. ವಾರಕ್ಕೆ ಮಾಡಿದವನ, ಬಾಯಿಮಾತಿನ ಗುತ್ತಿಗೆ ಹಿಡಿದವನ ಹೆಸರು ಅಲ್ಲಿ ಎಲ್ಲಿದೆ? 1974ರ ತಿದ್ದುಪಡಿಯ ಪ್ರಕಾರ ಈ ರಾಜ್ಯದಲ್ಲಿ ಗೇಣಿಯೇ ಇಲ್ಲ. ಗೇಣಿ ರದ್ದಾದದ್ದು ದೊಡ್ಡ ಜಯವೇ ಸರಿ. ಕಾಗದದ ಮೇಲೆ ಅದು ಸತ್ತಿದ್ದರೂ ಹೊಲದಲ್ಲಿ ಬದುಕಿರುವುದರಿಂದ, ಬೀಜ ಗೊಬ್ಬರಕ್ಕೆ ಸಾಲ ಮಾಡಿದವನ ಕೈ ಬರಿದಾಗಿ, ಪಟ್ಟಣದಲ್ಲಿ ಕುಳಿತ ಖಾತೆದಾರನ ಖಾತೆ ತುಂಬುತ್ತದೆ. ಕೊಯ್ಲಿನ ಕೂಲಿಯನ್ನೇ ನಂಬಿದ್ದ ಹೆಣ್ಣುಮಕ್ಕಳ ನಷ್ಟವನ್ನಂತೂ ಯಾವ ನಮೂನೆಯಲ್ಲಿಯೂ ಕೇಳುವುದಿಲ್ಲ.

ಇನ್ನು ಕೆರೆಯ ಮಾತು. ನಮ್ಮ ಕೆರೆಗಳು ಒಂದಕ್ಕೊಂದು ಸರಪಳಿ. ಮೇಲಿನದರ ಕೋಡಿನೀರು ಕೆಳಗಿನದಕ್ಕೆ ಆಧಾರ. ಮೇಲಿನದು ಒಡೆದರೆ ಅದರ ಹೊರೆಯೆಲ್ಲ ಒಂದೇ ಏಟಿಗೆ ಕೆಳಗಿನ ಏರಿಯ ಮೇಲೆ ಬೀಳುತ್ತದೆ. ಏರಿಯಲ್ಲಿ ಜಾಲಿ ಬೇರುಬಿಟ್ಟರೆ, ತೂಬು ಸೋರಿದರೆ, ಕೋಡಿಯ ಕಾಲುವೆಯನ್ನು ಬಲವಂತರು ಉತ್ತು ಹೊಲ ಮಾಡಿಕೊಂಡರೆ, ನೀರು ತನ್ನ ದಾರಿಯನ್ನು ತಾನೇ ಕಡಿದುಕೊಳ್ಳುತ್ತದೆ. ಆ ದಾರಿಯಲ್ಲಿ ಸಿಕ್ಕುವುದು ಹೆಚ್ಚಾಗಿ ಯಾರ ಮನೆ? ತಗ್ಗಿನಲ್ಲಿ ಜಾಗ ಕೊಟ್ಟು ಕೂರಿಸಿದ ದಲಿತ ಕೇರಿಯ ಮಣ್ಣಿನ ಮನೆ. ಮಳೆ ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ; ಕೇಡು ಮಾತ್ರ ಸಮನಾಗಿ ಹಂಚಿಕೆಯಾಗುವುದಿಲ್ಲ.

40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯತಿಗೆ, ಅದಕ್ಕೆ ಮೇಲಿನದು ಸಣ್ಣ ನೀರಾವರಿ ಇಲಾಖೆಗೆ ಎಂದು ಹಂಚಿಕೊಂಡಿದ್ದಾರೆ. ನೀರಿಗೆ ಈ ಗಡಿ ಗೊತ್ತಿಲ್ಲ. ಒಡೆದಾಗ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವುದಕ್ಕೆ ಮಾತ್ರ ಅದು ಅನುಕೂಲ. ಹಿಂದೆ ನೀರುಗಂಟಿ ಏರಿಯನ್ನು ಸುತ್ತಿ, ತೂಬನ್ನು ನೋಡಿಕೊಳ್ಳುತ್ತಿದ್ದ. ಆ ಹುಟ್ಟಿನ ಚಾಕರಿ ಮರಳಿ ಬರಲೆಂದು ನಾವು ಬಯಸುವವರಲ್ಲ. ಚಾಕರಿ ಹೋದದ್ದು ನ್ಯಾಯ. ಕೆಲಸವೂ ಹೋದದ್ದು ಅನ್ಯಾಯ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಮುಂಗಾರಿಗೆ ಮುಂಚೆ ಪ್ರತಿ ಕೆರೆಯ ಏರಿ, ತೂಬು, ಕೋಡಿಗಳನ್ನು ಊರಿನವರ ಎದುರಿನಲ್ಲಿ ಪರೀಕ್ಷಿಸಿ, ದುರಸ್ತಿಯನ್ನು ಯಂತ್ರಗಳ ಗುತ್ತಿಗೆದಾರನಿಗೆ ಒಪ್ಪಿಸದೆ ಹಳ್ಳಿಯ ಕೂಲಿಕಾರರಿಂದ ಮಾಡಿಸಲಿ. ಸಾಲುಕೆರೆಗಳಿಗೆಲ್ಲ ಒಬ್ಬರೇ ಹೊಣೆಗಾರರಿರಲಿ. ಕಾವಲಿಗೆ ಸಂಬಳದ ಆಳು ಇರಲಿ. ನಷ್ಟದ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಪಹಣಿ ಯಾರದೇ ಇರಲಿ, ಉತ್ತವನು ಯಾರೆಂದು ಊರು ಸಾಕ್ಷಿ ಹೇಳಿದರೆ ಬೆಳೆಯ ಪರಿಹಾರ ಅವನಿಗೆ ಸೇರಲಿ. ಬಿದ್ದ ಮನೆಯನ್ನು ಮತ್ತೆ ಅದೇ ತಗ್ಗಿನಲ್ಲಿ ಕಟ್ಟಿಸದೆ ಎತ್ತರದ ಸರ್ಕಾರಿ ಜಾಗ ಕೊಡಲಿ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಮ್ಮಲ್ಲಿ ಆಮೇಲೂ ಹಾಕಿದಂತೆ ಕಾಣುವುದಿಲ್ಲ. ಓದುಗ ಮಿತ್ರರಲ್ಲಿ ನಮ್ಮದೊಂದು ವಿನಂತಿ: ಈ ಭಾನುವಾರ ನಿಮ್ಮೂರಿನ ಏರಿಯ ಮೇಲೆ ಹತ್ತು ಮಂದಿ ನಡೆದು ಬನ್ನಿ. ಕಂಡ ಬಿರುಕು, ಸೋರುವ ತೂಬು, ಒತ್ತುವರಿಯಾದ ಕಾಲುವೆಗಳನ್ನು ಬರೆದು, ಎಲ್ಲರೂ ಸಹಿ ಹಾಕಿ, ಪಂಚಾಯತಿಗೆ ಕೊಟ್ಟು ರಸೀದಿ ಪಡೆಯಿರಿ. ಮುಂದೆ ಕೆರೆ ಒಡೆದ ದಿನ ದೋಷ ಮುಗಿಲಿನದೆಂದು ಹೇಳಲು ಯಾರಿಗೂ ಬಾಯಿ ಬರಬಾರದು.